ಜಯಸಿಂಹ ಕಪ್ ಪಂದ್ಯದ ದಿನ

ವರ್ಷಕ್ಕೊಂದು ದಿನ ಅಲಮೇಲು ವಿಧವೆ, ಉಳಿದ ದಿನವೆಲ್ಲ ಮುತ್ತೈದೆ. ನಗಬೇಡಿ, ಬೊಂಬಾಯಿಯ ಮಾಟುಂಗದ ಆ ಮನೆಯಲ್ಲಿ ಹನ್ನೆರಡು ವರ್ಷದಿಂದ ನಡೆದದ್ದೇ ಇದು.

ಗಂಡ ಜಯಸಿಂಹ ಕಾಲೇಜಿನ ಮೊಟ್ಟಮೊದಲ ಫುಟ್‌ಬಾಲ್ ತಂಡದ ಕಣ್ಮಣಿ. ಬರಿಗಾಲಲ್ಲೇ ಆಡಿ, ಬೂಟು ತೊಟ್ಟ ಬಿಳಿಯ ಗೋರಾಗಳಿಗೆ ನೀರು ಕುಡಿಸಿದವನು. ಮದುವೆಯಾದ ವರ್ಷವೇ ಫೌಜು ಸೇರಿದ. ಇಟಲಿಯಲ್ಲಿ, ಯಾರದೋ ಯುದ್ಧದಲ್ಲಿ ಸತ್ತ. ತಂತಿ ಬಂತು, ಹೆಣ ಬರಲಿಲ್ಲ. "ಕಣ್ಣಾರೆ ಕಾಣದೆ ನಾನು ನಂಬೋಲ್ಲ. ಕುಂಕುಮ ಅಳಿಸಿದ್ಯೋ, ನನ್ನ ಹೆಣ ನೋಡ್ತೀಯ," ಅಂದರು ಅತ್ತೆ ಅಮ್ಮಣ್ಣಿ. ಅಲ್ಲಿಗೆ ಮುಗಿಯಿತು. ಸ್ನಾನವಿಲ್ಲ, ಸೂತಕವಿಲ್ಲ.

ಕಾಲೇಜಿನವರಿಗೋ, ಅವನ ಹೆಸರಿನ ಕಪ್ ಕೊಡಲು ವೀರನ ವಿಧವೆಯೇ ಬೇಕು. ಲೋಕಲ್ ರೈಲು ದಾದರ್ ದಾಟಿದ ಮೇಲೆ ಅಲಮೇಲು ಕುಂಕುಮ ಒರೆಸಿ, ಕರಿಮಣಿಯನ್ನು ಸೆರಗಿನೊಳಗೆ ತಳ್ಳುವಳು. ವಾಪಸು ಬರುವಾಗ ದಾದರಿನಲ್ಲಿ ಕುಂಕುಮದ ಕರಡಿಗೆ ತೆಗೆದು ಮತ್ತೆ ಇಟ್ಟುಕೊಳ್ಳುವಳು. ಅತ್ತೆಗೆ ಪಂದ್ಯ ಗೊತ್ತು, ಈ ಒರೆಸುವುದು ಮಾತ್ರ ಗೊತ್ತಿಲ್ಲ.

ಈ ಸಲ ಗೆದ್ದ ತಂಡದ ಕ್ಯಾಪ್ಟನ್ ಅವಳ ಕಾಲಿಗೆರಗಿ, "ಆಶೀರ್ವಾದ್ ದೀಜಿಯೇ, ಮಾತಾಜಿ," ಅಂದ. ಫೌಜಿಗೆ ಹೊರಟಾಗ ಜಯಸಿಂಹನಿಗೂ ಇದೇ ವಯಸ್ಸು. ಅಯ್ಯೋ ದೇವರೇ, ಗಂಡನ ವಯಸ್ಸಿನವನಿಗೆ ತಾಯಿಯಾಗಿಬಿಟ್ಟೆನಲ್ಲ ಅನ್ನಿಸಿತು ಅವಳಿಗೆ.

ದಾದರ್ ಬಂತು. ಕರಡಿಗೆ ಕೈಯಲ್ಲೇ ಇತ್ತು, ಕೈ ಮಾತ್ರ ಮೇಲೇಳಲಿಲ್ಲ. ಸಾಕಾಗಿತ್ತು. ಅತ್ತೆ ಬೈಯಲಿ, ಮನೆಯಿಂದ ಆಚೆ ಹೋಗು ಅನ್ನಲಿ. ಬರಿಹಣೆಯಲ್ಲೇ ಮಾಟುಂಗದಲ್ಲಿ ಇಳಿದಳು.

"ಯಾರು ಗೆದ್ರೇ?" ಅನ್ನುತ್ತಲೇ ಬಾಗಿಲು ತೆಗೆದ ಅಮ್ಮಣ್ಣಿ ಹಾಗೇ ನಿಂತರು. "ಕುಂಕುಮ ಎಲ್ಲೇ?"

"ಒರೆಸಿದೆ. ಪ್ರತಿ ವರ್ಷಾನೂ ಅಲ್ಲಿ ಒರೆಸ್ತೀನಿ, ಬರ್ತಾ ಇಟ್ಕೋತೀನಿ. ಇವತ್ತು ಆಗ್ಲಿಲ್ಲ ಅಮ್ಮಾ. ಅವರು ಬರೋಲ್ಲ. ನಂಗೆ ಸುಸ್ತಾಗಿದೆ."

ಮುದುಕಿ ಬಾಗಿಲು ಹಿಡಿದುಕೊಂಡರು. ಈಗ ಕಿರುಚುತ್ತಾರೆ, ಈಗ ಹೊಡೆಯುತ್ತಾರೆ ಎಂದು ಅಲಮೇಲು ಕಾದಳು. ಅವರು ತಿರುಗಿ ಬಚ್ಚಲಿಗೆ ಹೋಗಿ ಹಂಡೆಯೊಳಗೆ ಇಣುಕಿದರು.

"ನಲ್ಲಿ ನಿಂತುಹೋಗಿದೆ. ಕುಡಿಯೋ ನೀರಾದ್ರೂ ತಂದು ಬಗ್ಗಿಸು."

"ಯಾಕಮ್ಮಾ?"

"ಸಾವಿನ ಸುದ್ದಿ ಕೇಳಿ ಸ್ನಾನ ಮಾಡ್ದೆ ಇರ್ತಾರೇನೆ? ಮೊದಲು ನನ್ನ ತಲೆ ಮೇಲೆ ಹೊಯ್ಯಿ."

ಸೀರೆಯುಟ್ಟಂತೆಯೇ ಕೂತ ಅತ್ತೆಯ ನೆತ್ತಿಗೆ ಅಲಮೇಲು ನೀರು ಹೊಯ್ದಳು. ಎರಡನೆಯ ಚೊಂಬಿಗೆ ಅಮ್ಮಣ್ಣಿ, "ಮಗನೇ!" ಎಂದು ಕೂಗಿ ಅತ್ತರು.