ಅಮಸಿದ್ದಪ್ಪನದೊಂದು ಫೋಟೊ

ಇಳಕಲ್ಲಿನ ಬ್ಯಾಂಡ್ ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿದ್ದು ೧೯೮೪ರಲ್ಲಿ. ದೀಪಾವಳಿ ಮುಗಿದ ಮೇಲೆ, ಮದುವೆಯ ಹಂಗಾಮು ಶುರುವಾಗುವ ಮೊದಲು ಒಂದು ಕಾರ್ಯಕ್ರಮ ಮಾಡೋಣವೆಂದು ಊರಿನ ಕೆಲವು ಹಿರಿಯರು ತಾವಾಗಿ ಮುಂದೆ ಬಂದರು. ಭಾಷಣ, ಸನ್ಮಾನ, ಊಟ ಎಲ್ಲ ಅವರದೇ. ಬ್ಯಾಂಡಿನವರ ಪಾಲಿಗೆ ಬಂದದ್ದು ಒಂದೇ ಕೆಲಸ. ತೀರಿಹೋದ ಮೂವರ ಫೋಟೊಗಳಿಗೆ ಕಟ್ಟು ಹಾಕಿಸಿ ತರಬೇಕು, ವೇದಿಕೆಯ ಮೇಲೆ ಇಟ್ಟು ಹಾರ ಹಾಕಬೇಕು.

ಆ ಮೂವರಲ್ಲಿ ನಜೀರಸಾಬ ಕಂಪನಿಯನ್ನು ಕಟ್ಟಿದವನು, ಕ್ಲಾರಿನೆಟ್ ನುಡಿಸುತ್ತಿದ್ದ. ಕಾಶಪ್ಪ ದೊಡ್ಡ ಡೋಲಿನವನು. ಅಮಸಿದ್ದಪ್ಪ ಬಾಸ್ ಊದುತ್ತಿದ್ದ. ಬಾಸ್ ಎಂದರೆ ಬ್ಯಾಂಡಿನ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆಯ ವಾದ್ಯ. ಎದೆಗೆ ಅಪ್ಪಿಕೊಂಡು ಹಿಡಿದರೆ ಅದರ ಬಾಯಿ ಹೊತ್ತವನ ತಲೆಗಿಂತ ಮೇಲೆ ಹೋಗುತ್ತಿತ್ತು. ಅಮಸಿದ್ದಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದವನು, ಭಾರ ಎತ್ತುವುದು ಅವನಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಕಾಮಾಲೆಯಾಗಿ, ದವಾಖಾನೆಗೆ ಹೋಗಿ, ಹಿಂತಿರುಗಿ ಬರಲಿಲ್ಲ.

ಫೋಟೊದ ಹೊಣೆ ಅಂದಾನಪ್ಪನ ಮೇಲೆ ಬಿತ್ತು. ಅವನು ಸೀರೆ ನೇಯುವವನು. ಬ್ಯಾಂಡಿನಲ್ಲಿ ಸಣ್ಣ ಡ್ರಮ್ಮು ಅವನದು. ಜೊತೆಗೆ ಮುರ್ತುಜಸಾಬ ಇದ್ದ. ಅಣ್ಣ ನಜೀರಸಾಬನ ಕ್ಲಾರಿನೆಟ್ಟನ್ನೂ ಕಂಪನಿಯನ್ನೂ ಈಗ ನೋಡಿಕೊಳ್ಳುತ್ತಿದ್ದವನು ಅವನೇ. ಕಂಪನಿಯಲ್ಲಿ ಇದ್ದದ್ದು ಒಂದೇ ಫೋಟೊ. ಕೆಂಪು ಕೋಟು ಹೊಸದಾಗಿ ಹೊಲಿಸಿದಾಗ ಎಲ್ಲರೂ ನಿಂತು ತೆಗೆಸಿಕೊಂಡದ್ದು. ಅದನ್ನು ಸ್ಟುಡಿಯೋಕ್ಕೆ ಒಯ್ದು ಇಬ್ಬರೂ ಮೂವರನ್ನು ಬೆರಳಿಟ್ಟು ತೋರಿಸಿದರು.

ಸ್ಟುಡಿಯೋದವ ಕನ್ನಡಕವನ್ನು ಹಣೆಗೇರಿಸಿ ನೋಡಿದ. "ಇವ್ರಿಬ್ರೂ ಅಡ್ಡಿಯಿಲ್ಲ, ದೊಡ್ಡದು ಮಾಡಿ ಕೊಡ್ತೇನಿ. ಈ ಮೂರನೇದವ್ರದು ಟೊಪಗಿ ಐತಿ, ಎರಡು ಕೈ ಅದಾವು. ಮುಖ ಎಲ್ಲೈತ್ರಿ?"

ಮುಖ ಬಾಸಿನ ಹಿಂದಿತ್ತು. ವಾದ್ಯವೇ ಫೋಟೊದಲ್ಲಿ ಚೆನ್ನಾಗಿ ಕಾಣಲಿ ಎಂದು ಅಮಸಿದ್ದಪ್ಪ ಅದನ್ನು ತನ್ನ ಮುಂದೆ ನೆಟ್ಟಗೆ ಹಿಡಿದು ನಿಂತಿದ್ದ.

ಅಲ್ಲಿಂದ ಇಬ್ಬರೂ ಅವನ ಹೆಂಡತಿ ರಾಮವ್ವನ ಮನೆಗೆ ಹೋದರು. ಆಕೆ ಕಟ್ಟೆಯ ಮೇಲೆ ಕೂತು ನೇಕಾರರಿಗಾಗಿ ನೂಲು ಸುತ್ತುತ್ತಿದ್ದಳು. ವಿಷಯ ಕೇಳಿ ರಾಟೆಯನ್ನು ನಿಲ್ಲಿಸಲಿಲ್ಲ.

"ಫೋಟೊ ಎಲ್ಲೀದು ತಮ್ಮಾ. ನಮ್ಮ ಲಗ್ನದಾಗ ತಗಸಿಲ್ಲ. ಆಮ್ಯಾಲ ಯಾರು ತಗಸ್ತಾರ? ಇರೂ ಇಬ್ರದು ಇಡ್ರಿ, ಆತು."

"ಹಂಗ ಬಿಡಾಕ ಆಗೂದಿಲ್ಲಕ್ಕಾ. ಮೂರೂ ಮಂದಿದು ಇರಬೇಕು," ಎಂದ ಅಂದಾನಪ್ಪ.

"ಹಂಗಂದ್ರ ಹುಡುಕ್ರಿ. ಸಿಕ್ರ ನನಗೂ ತೋರಸ್ರಿ."

ಮನೆಗೆ ಮರಳುವಾಗ ಅಂದಾನಪ್ಪನಿಗೆ ಒಂದು ಸಂಗತಿ ಹೊಳೆಯಿತು. ಅಮಸಿದ್ದಪ್ಪನ ಮುಖ ಹೇಗಿತ್ತೆಂದು ನೆನೆದುಕೊಳ್ಳಲು ಹೋದರೆ ಅದು ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಅವನ ಹೆಡಕು, ಕತ್ತಿನ ಹಿಂಭಾಗ. ಮೆರವಣಿಗೆಯಲ್ಲಿ ಬಾಸ್ ಮುಂದೆ, ಡ್ರಮ್ಮು ಹಿಂದೆ. ಅಷ್ಟೂ ವರ್ಷ ಅಂದಾನಪ್ಪ ನೋಡುತ್ತ ನಡೆದದ್ದು ಆ ಹೆಡಕನ್ನೇ. ಬಿಸಿಲಿಗೆ ಕಪ್ಪಾದ ಚರ್ಮ, ಎಡಕ್ಕೊಂದು ಮಚ್ಚೆ, ಕೋಟಿನ ಕಾಲರಿಗೆ ಇಳಿಯುವ ಬೆವರು. ಜೊತೆಗೆ ಉಂಡಿದ್ದಾರೆ, ಲಾರಿಯಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಮಾಡಿದ್ದಾರೆ. ಆದರೂ ಮುಖ ಮೂಡಲಿಲ್ಲ. ಇದನ್ನು ಅವನು ಮುರ್ತುಜನಿಗೆ ಹೇಳಲಿಲ್ಲ. ಹೇಳುವಂಥ ಮಾತೂ ಅದಾಗಿರಲಿಲ್ಲ.

ಬ್ಯಾಂಡು ಬಾರಿಸಿದ ಮದುವೆಗಳ ಮನೆಗಳಲ್ಲಿ ಆಲ್ಬಮ್ ಇರಬಹುದು ಎಂಬುದು ಮುರ್ತುಜಸಾಬನಿಗೆ ಹೊಳೆದ ಉಪಾಯ. ಮೊದಲು ಹುನಗುಂದಕ್ಕೆ ಹೋದರು. ವಕೀಲರೊಬ್ಬರ ಮನೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ಆಲ್ಬಮ್ ತೆಗೆದುಕೊಟ್ಟರು. ಮದುಮಗ ಕುದುರೆಯ ಮೇಲಿದ್ದ. ಕುದುರೆಯ ಕತ್ತಿನಾಚೆ ಬಾಸಿನ ಬಾಯಿ ಹೊಳೆಯುತ್ತಿತ್ತು, ಊದುವವನು ಕುದುರೆಯ ಹಿಂದಿದ್ದ. ಇನ್ನೊಂದು ಮನೆಯ ಆಲ್ಬಮಿನಲ್ಲಿ ಬ್ಯಾಂಡಿನ ಅರ್ಧ ಮಾತ್ರ ಬಂದಿತ್ತು. ಮುರ್ತುಜನ ಒಂದು ಕಿವಿ, ಅಂದಾನಪ್ಪನ ಒಂದು ಮೊಣಕೈ. ಬಾಗಲಕೋಟೆಯ ಅಡತಿ ಅಂಗಡಿಯವರ ಮನೆಯಲ್ಲಿ ಅಮಸಿದ್ದಪ್ಪ ಪೂರ್ತಿ ಸಿಕ್ಕ, ಆದರೆ ಬೆನ್ನು ಮಾಡಿ ನಿಂತಿದ್ದ. ಆ ಬೆನ್ನನ್ನು ಅಂದಾನಪ್ಪ ದೂರದಿಂದಲೇ ಗುರುತಿಸಿದ.

"ಅಷ್ಟೊಂದು ಲಗ್ನ ಮಾಡಿಸಿದ್ವಿ," ಎಂದ ಮುರ್ತುಜಸಾಬ, ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಹಚ್ಚುತ್ತ. "ಯಾವುದ್ರಾಗೂ ನಾವು ಇಲ್ಲ ನೋಡ್ಲೇ."

"ನಮ್ಮ ಲಗ್ನ ಆಗಿದ್ದಿಲ್ಲಲ್ಲ ಅವು," ಎಂದ ಅಂದಾನಪ್ಪ.

ಮುರ್ತುಜಸಾಬ ಅದಕ್ಕೆ ನಕ್ಕ. ಬಸ್ಸು ಬಂತು.

ಉಳಿದದ್ದು ಬಾದಾಮಿಯ ನೀಲಾಬಾಯಿಯವರ ಮನೆ. ಆಕೆಯ ಮಗನ ಮದುವೆ ಏಳು ವರ್ಷದ ಹಿಂದೆ ಮಹಾಕೂಟದ ಗುಡಿಯಲ್ಲಿ ಆಗಿತ್ತು. ಬಾಗಿಲಲ್ಲಿ ನಿಂತ ಇಬ್ಬರು ಅಪರಿಚಿತ ಗಂಡಸರು ಮದುವೆಯ ಆಲ್ಬಮ್ ಕೇಳಿದ್ದಕ್ಕೆ ನೀಲಾಬಾಯಿ ಮೊದಲು ಒಪ್ಪಲಿಲ್ಲ. ಯಾರು, ಎಲ್ಲಿಯವರು, ಯಾತಕ್ಕೆ ಎಂದು ಹೊಸ್ತಿಲ ಒಳಗಿಂದಲೇ ಕೇಳಿದಳು. ಮುರ್ತುಜಸಾಬ ಎಲ್ಲ ಬಿಡಿಸಿ ಹೇಳಿದ. ಸತ್ತವನ ಮುಖ ಹುಡುಕುತ್ತಿದ್ದಾರೆ ಎಂದು ತಿಳಿದ ಮೇಲೆ ಆಕೆ ಚಾಪೆ ಹಾಸಿದಳು.

ಆಲ್ಬಮಿನ ಹಾಳೆಗಳ ನಡುವೆ ತೆಳ್ಳಗಿನ ಎಣ್ಣೆಗಾಗದವಿತ್ತು. ನೀಲಾಬಾಯಿ ಒಂದೊಂದನ್ನೇ ಸರಿಸಿ ತೋರಿಸಿದಳು. ವಧೂವರರ ಮೇಲೆ ಅಕ್ಕಿಕಾಳು ಬಿದ್ದದ್ದು, ಗುಡಿಯ ಹೊಂಡದ ಮೆಟ್ಟಿಲ ಮೇಲೆ ಬೀಗರು, ಆಮೇಲೆ ಊಟದ ಪಂಕ್ತಿ.

"ಇವ್ರು ನಮ್ಮ ಮಾವನೋರು. ಬಾಜಾದವ್ರ ಪಂಕ್ತಿಗೆ ನಾನ ಬಡಸ್ತೇನಿ ಅಂತ ಹಟಾ ಹಿಡದಿದ್ರು," ಎಂದಳು.

ಮುದುಕರು ನಗುತ್ತ ಬಗ್ಗಿ ಹುಗ್ಗಿ ನೀಡುತ್ತಿದ್ದರು. ಎದುರಿಗೆ ಎಲೆಯ ಮುಂದೆ ಒಬ್ಬ ಬರಿದಲೆಯವನು ಕೂತಿದ್ದ. ಬಾಯಿ ತೆರೆದಿತ್ತು, ಕೈಯಲ್ಲಿ ತುತ್ತಿತ್ತು, ಕಣ್ಣು ನೀಡುವ ಸೌಟಿನ ಮೇಲಿತ್ತು. ಗಲ್ಲ ತುಂಬಿದ, ಸಣ್ಣ ಕಣ್ಣಿನ, ಯಾವ ಊರಿನಲ್ಲಾದರೂ ಕಾಣಬಹುದಾದ ಮುಖ.

"ಇವನಲಾ," ಎಂದ ಮುರ್ತುಜಸಾಬ ಮೆಲ್ಲಗೆ.

ಅಂದಾನಪ್ಪನಿಗೆ ಮಾತ್ರ ಗುರುತು ಹತ್ತಲು ಹೊತ್ತು ಹಿಡಿಯಿತು. ಮುರ್ತುಜ ಹೇಳದೆ ಇದ್ದಿದ್ದರೆ ಹಾಳೆ ಮಗುಚಿ ಮುಂದೆ ಹೋಗುತ್ತಿದ್ದನೋ ಏನೋ. ನೋಡುತ್ತ ಕೂತಂತೆ ಆ ಮುಖ ಅಮಸಿದ್ದಪ್ಪನದಾಯಿತು.

ಫೋಟೊ ಕೇಳಿದಾಗ ನೀಲಾಬಾಯಿ ಅದರ ಮೇಲೆ ಕೈಯಿಟ್ಟಳು. ಮಾವನವರೂ ಈಗ ಇರಲಿಲ್ಲ. "ಅವ್ರು ನಗಕೋತ ಇರೂದು ಇದೊಂದ ಐತಿ," ಎಂದಳು. ಆಮೇಲೆ ನಾಲ್ಕೂ ಮೂಲೆಯ ಅಂಟನ್ನು ಉಗುರಿನಿಂದ ಬಿಡಿಸಿ, ಎಣ್ಣೆಗಾಗದದಲ್ಲಿ ಸುತ್ತಿ ಕೊಟ್ಟಳು. "ನೀವ ತಂದು ಕೊಡ್ರಿ. ಪೋಸ್ಟಿಗೆ ಹಾಕಬ್ಯಾಡ್ರಿ."

ಸ್ಟುಡಿಯೋದವನಿಗೆ ಮುಖ ಸಿಕ್ಕದ್ದು ಸಂತೋಷವೇ. ಆದರೆ ಅದು ಇದ್ದ ಹಾಗೆ ಕಟ್ಟು ಹಾಕಲು ಅವನಿಗೆ ಮನಸ್ಸಿರಲಿಲ್ಲ. "ಕುಂಚದಿಂದ ಬಾಯಿ ಮುಚ್ಚಸ್ತೇನಿ, ಕೈ ತೆಗೀತೇನಿ. ಬೇಕಂದ್ರ ಮ್ಯಾಲ ಟೊಪಗೀನೂ ಇಡ್ತೇನಿ. ಉಣ್ಣೂ ಫೋಟೊಕ್ಕ ಯಾರಾದ್ರೂ ಹಾರ ಹಾಕ್ತಾರೇನ್ರಿ?"

ಕಾರ್ಯಕ್ರಮದ ಹಿರಿಯರೂ ಅದನ್ನೇ ಹೇಳಿದರು. ಮುರ್ತುಜಸಾಬನೂ ತಲೆಯಾಡಿಸಿದ. ಅಂದಾನಪ್ಪ, ರಾಮವ್ವನಿಗೆ ತೋರಿಸುತ್ತೇವೆಂದು ಮಾತು ಕೊಟ್ಟಿದ್ದೇವೆ, ಮೊದಲು ಅದಾಗಲಿ ಎಂದ.

ರಾಮವ್ವ ಆ ಹೊತ್ತು ಕೈ ತೊಳೆದುಕೊಂಡು ಬಂದು ಫೋಟೊ ಹಿಡಿದಳು. ಬೆಳಕಿಗೆ ಬೇಕೆಂದು ಕಟ್ಟೆಯ ತುದಿಗೆ ಸರಿದಳು. ಅಳಲಿಲ್ಲ. ಬಹಳ ಹೊತ್ತು ನೋಡಿದಳು.

"ಹಸದಿದ್ರು," ಎಂದಳು. "ಭಾಳ ಹಸದಾಗ ಹಿಂಗ ನೋಡ್ತಿದ್ರು."

ಅಂದಾನಪ್ಪ ಸ್ಟುಡಿಯೋದವನ ಮಾತನ್ನು ತಿಳಿಸಿದ. ಕೈ ತೆಗೆಯುತ್ತಾನೆ, ಬಾಯಿ ಮುಚ್ಚಿಸುತ್ತಾನೆ, ನೋಡಲು ಚಂದ ಕಾಣುತ್ತದೆ.

"ಬ್ಯಾಡ."

"ಮಂದಿ ಏನಾರ ಅಂತಾರಕ್ಕಾ."

"ಅನ್ಲಿ. ಕೈಯಾಗ ತುತ್ತೈತಿ ತಮ್ಮಾ. ಉಣ್ಣಾಕ ಬಿಡ್ರಿ ಅವ್ರನ್ನ."

ಹಿರಿಯರಿಗೂ ಅದನ್ನೇ ತಿಳಿಸಿದರು. ಸ್ಟುಡಿಯೋದವ ಮುದುಕರನ್ನು ಬಿಟ್ಟು ಉಳಿದದ್ದನ್ನು ಹಾಗೆಯೇ ದೊಡ್ಡದು ಮಾಡಿ, ಕಟ್ಟು ಹಾಕಿ ಕೊಟ್ಟ. ಮೂಲ ಫೋಟೊವನ್ನು ಇಬ್ಬರೂ ಬಾದಾಮಿಗೆ ಒಯ್ದು ನೀಲಾಬಾಯಿಯ ಕೈಗೇ ಮುಟ್ಟಿಸಿ ಬಂದರು.

ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಮೂರು ಕುರ್ಚಿ, ಮೂರು ಫೋಟೊ. ಎರಡರಲ್ಲಿ ಕೋಟು ಟೊಪ್ಪಿಗೆ ತೊಟ್ಟವರು, ಮೂರನೆಯದರಲ್ಲಿ ಉಣ್ಣುತ್ತಿದ್ದವನು. ಹಾರ ಹಾಕುವಾಗ ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಹಿರಿಯರೊಬ್ಬರು ಹಿಂತಿರುಗಿ ನೋಡಿದರು, ನಗೆ ನಿಂತಿತು. ಭಾಷಣಗಳಲ್ಲಿ ಮೂವರೂ ಮಹಾನ್ ಕಲಾವಿದರಾದರು. ಕಾಶಪ್ಪನ ತಾಳ ತಪ್ಪಿದ್ದನ್ನು ಯಾರೂ ಕೇಳಿಲ್ಲವೆಂದು ಒಬ್ಬರು ಹೇಳಿದಾಗ ಬ್ಯಾಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ತಾಳ ತಪ್ಪದ ಮದುವೆಯೇ ಇರಲಿಲ್ಲ. ಕೊನೆಗೆ ಬ್ಯಾಂಡು ನುಡಿಸಿತು. ಬಾಸಿಗೆ ಇನ್ನೂ ಹೊಸಬ ಸಿಕ್ಕಿರಲಿಲ್ಲ, ಅದಿಲ್ಲದೆಯೇ ನುಡಿಸಿದರು. ಜನಕ್ಕೆ ಅದು ಗೊತ್ತಾಗಲಿಲ್ಲ. ನುಡಿಸುವವರಿಗೆ ಮಾತ್ರ ಕಾಲ ಕೆಳಗಿನ ನೆಲ ತೆಳುವಾದಂತಿತ್ತು.

ಮಂದಿ ಕರಗಿದ ಮೇಲೆ ರಾಮವ್ವ ಫೋಟೊ ಒಯ್ಯಲು ಬಂದಳು. ಹಾರ ತೆಗೆದು ಬದಿಗಿಟ್ಟು, ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದಳು. ಅಂದಾನಪ್ಪ ಡ್ರಮ್ಮಿನ ಪಟ್ಟಿ ಬಿಚ್ಚುತ್ತಿದ್ದ.

"ತಮ್ಮಾ, ನಾ ನಿಮ್ಮ ಬ್ಯಾಂಡು ಕುಂತು ಕೇಳಿದ್ದು ಇವತ್ತ. ಅವ್ರು ಬರೇ ಪರ ಊರಾಗ ಬಾರಸಾಕ ಹೋಗ್ತಿದ್ರು," ಎಂದಳು. "ಇದ್ರಾಗ ಅವ್ರ ಸಪ್ಪಳ ಯಾವ್ದು?"

ಅಂದಾನಪ್ಪ ಪಟ್ಟಿ ಬಿಟ್ಟು ನೆಟ್ಟಗಾದ. "ಇವತ್ತ ಇದ್ದಿಲ್ಲಕ್ಕಾ ಅದು."

"ಹೆಂಗಿರ್ತಿತ್ತು?"

ಅವನು ಸುತ್ತ ನೋಡಿದ, ಮುರ್ತುಜಸಾಬ ದೂರದಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ. ಅಂದಾನಪ್ಪ ಗಲ್ಲ ಉಬ್ಬಿಸಿ ಬಾಯಿಂದಲೇ ಮಾಡಿ ತೋರಿಸಿದ. "ಭೋಂ. ಭೋಂ. ಭೋಂ. ಇಷ್ಟರೀ. ನಾವು ಏನ ಬಾರಸ್ಲಿ, ಅವ್ರು ಕೆಳಗ ಹಿಂಗ ಊದ್ತಿದ್ರು."

ರಾಮವ್ವ ಇನ್ನೇನೋ ಬರುತ್ತದೆಂದು ಕಾದಳು.

"ಅಷ್ಟ?"

"ಅಷ್ಟ."

"ಅಷ್ಟಕ್ಕ ಅಷ್ಟ ದೊಡ್ಡ ಬಾಜಾ ಹೊತಗೊಂಡು ತಿರಿಗ್ಯಾಡಿದ್ರು?"

ಆಕೆಯ ಭುಜ ಕುಲುಕಿತು. ನಗುತ್ತಿದ್ದಾಳೆಂದು ಅಂದಾನಪ್ಪನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನೂ ನಕ್ಕ. ರಾಮವ್ವ ಕಣ್ಣೊರೆಸಿಕೊಂಡು, ಫೋಟೊವನ್ನು ಕಂಕುಳಲ್ಲಿ ಇಟ್ಟುಕೊಂಡು, ಮೆಟ್ಟಿಲಿಳಿದು ಓಣಿಯ ಕಡೆ ನಡೆದಳು.