ಲಂಗರಿನ ಹಗ್ಗ ಆಡಿದ ಮಾತು

ಚಿಲಿಯ ದಕ್ಷಿಣ ತೀರದ ಆ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕಲು ಮುಳುಗಿದವರಿಗೂ ದೋಣಿಯಲ್ಲಿ ಕಾಯುವವರಿಗೂ ಮಾತೆಂದರೆ ದೋಣಿಯಿಂದ ಇಳಿಬಿಟ್ಟ ಉಸಿರಿನ ಕೊಳವೆಯೊಂದೇ. ಒಂದು ಎಳೆತ, ‘ಚೆನ್ನಾಗಿದ್ದೇನೆ’. ಮೂರು, ‘ಮೇಲಕ್ಕೆ’. ಇದಲ್ಲದೆ ಮನೆಗೊಂದು ಗುಟ್ಟಿನ ಎಳೆತವಿರುತ್ತಿತ್ತು. ದೋಣಿಯಲ್ಲಿ ಕಾಯುವ ಎಡೆಲ್ಮಿರಾಳ ಮನೆಯದು ಎರಡು ಗಿಡ್ಡ, ಒಂದು ಉದ್ದ: ‘ನನ್ನ ಆಸೆ ಬಿಡು, ದೋಣಿಯನ್ನು ನಡುಗಡಲಿಗೆ ಒಯ್ಯಿ’. ನೆಲ ನಡುಗಿ ಕಡಲು ಉಕ್ಕಿದಾಗ ದೋಣಿ ಬದುಕುಳಿಯುವುದು ಆಳದ ನೀರಿನಲ್ಲೇ. ಆ ಗುಟ್ಟಿನ ಎಳೆತವನ್ನು ಈವರೆಗೆ ಎಳೆದವನು ಅವಳ ಅಪ್ಪನೊಬ್ಬನೇ. ಅವಳು ಅಪ್ಪನ ಮಾತು ಕೇಳಿ ದೋಣಿ ಒಯ್ದಿದ್ದಳು. ಅಪ್ಪ ಮತ್ತೆ ಸಿಗಲಿಲ್ಲ.

ತಮ್ಮ ರುಪೆರ್ತೊ ಅಣಕದ ಆಸಾಮಿ. ಪಾದ್ರಿಯ ಸೀನು ಪಾದ್ರಿಗಿಂತ ಅವನಿಗೇ ಚೆನ್ನಾಗಿ ಬರುತ್ತಿತ್ತು. ಆ ಬೆಳಿಗ್ಗೆ ಇಲ್ಲದ ಕನ್ನಡಕವನ್ನು ಮೂಗಿಗೇರಿಸಿ, ಊರ ಶಾಲೆಗೆ ಭೂಕಂಪದ ಪಾಠ ಹೇಳಲು ಬಂದಿದ್ದ ಮೇಡಮ್ಮನಾದ.

“ನೋಡಿ ಮಕ್ಳೇ, ಕಡಲಿನ ತಳ ದಿನಾ ನಮ್ಮ ನೆಲದಡಿಗೆ ನುಸುಳ್ತಾ ಇದೆ. ಹೋಗೋದು ಸುಮ್ನೆ ಹೋಗಲ್ಲ, ನಮ್ಮ ಅಂಚನ್ನೂ ಕಚ್ಕೊಂಡು ಕೆಳಗೆಳೀತದೆ. ಎಲ್ಲೀವರೆಗೆ ಅಂತ ಮಾತ್ರ ಕೇಳ್ಬೇಡಿ.”

ಅಕ್ಕನನ್ನು ನಗಿಸಿಯೇ ನೀರಿಗಿಳಿದ.

ಅರ್ಧ ಗಂಟೆ ಕಳೆದಿರಬೇಕು. ಕಡಲಿಳಿತದ ಹೊತ್ತು, ಲಂಗರಿನ ಹಗ್ಗ ಸಡಿಲವಾಗಿರಬೇಕಿತ್ತು. ಅದು ತಂತಿಯಂತೆ ಬಿಗಿದು ದೋಣಿಯ ಮೂತಿಯನ್ನೇ ಕೆಳಕ್ಕೆ ಜಗ್ಗಿತ್ತು. ಗಾಳಿಯಿಲ್ಲ, ಅಲೆಯಿಲ್ಲ, ಹಕ್ಕಿಯಿಲ್ಲ. ಅವಳು ಹಗ್ಗದ ಮೇಲೆ ಕೈಯಿಟ್ಟಳು.

ಎರಡು ಗಿಡ್ಡ. ಒಂದು ಉದ್ದ.

“ಥೂ, ಅಣಕಕ್ಕೆ ಅಪ್ಪನ್ನೂ ಬಿಡ್ಲಿಲ್ವಲ್ಲೋ,” ಎಂದು ಬೈದುಕೊಂಡು ಇನ್ನೊಂದು ಕೈಯಿಂದ ತಮ್ಮನ ಕೊಳವೆಯನ್ನು ಒಮ್ಮೆ ಎಳೆದಳು. ಚೆನ್ನಾಗಿದ್ದೇನೆಂದು ಒಂದು ಉತ್ತರ ಬಂತು. ಅದೇ ಕ್ಷಣಕ್ಕೆ ಹಗ್ಗದಲ್ಲಿ ಮತ್ತೆ ಎರಡು ಗಿಡ್ಡ, ಒಂದು ಉದ್ದ. ಕೊಳವೆ ಎಡಕ್ಕೆ, ಲಂಗರಿನಿಂದ ಮೂವತ್ತು ಮಾರು ಆಚೆಗೆ ಹೋಗಿತ್ತು. ಎರಡನ್ನೂ ಒಬ್ಬನೇ ಎಳೆಯುವುದು ಸಾಧ್ಯವಿರಲಿಲ್ಲ.

ಲಂಗರು ಕಚ್ಚಿದ ಕಡಲ ತಳವೇ ಕೆಳಗಿಳಿಯುತ್ತಿದೆಯೆಂದು ಅವಳಿಗೆ ಆಗ ಹೊಳೆಯಿತು. ಮೋಟಾರು ಕೈಗೆಟುಕುವಲ್ಲೇ ಇತ್ತು. ಹಗ್ಗ ಮೂರನೆಯ ಸಲವೂ ಅದನ್ನೇ ಹೇಳಿತು, ಈ ಬಾರಿ ಸ್ವಲ್ಪ ಸಿಟ್ಟಿನಿಂದ.

“ಒಂದ್ಸಲ ನಿನ್ನ ಮಾತು ಕೇಳಿದ್ದೀನಿ. ಇನ್ನು ಕೇಳಲ್ಲ,” ಎಂದು ಚೂರಿ ತೆಗೆದು ಹಗ್ಗ ಕೊಯ್ದಳು. ಕಡಿದ ತುದಿ ತೇಲಲಿಲ್ಲ. ಕೆಳಗೆ ಯಾರೋ ಸುತ್ತಿಕೊಳ್ಳುತ್ತಿರುವಂತೆ ಸರಸರನೆ ಇಳಿದುಹೋಯಿತು.

ಕೊಳವೆಯನ್ನು ಮೂರು ಸಲ ಎಳೆದಳು. ಆ ಆಳದಿಂದ ಒಮ್ಮೆಲೇ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಯೆದ್ದು ಸಾವು. ನಡುವೆ ಹತ್ತು ನಿಮಿಷ ನೇತಾಡಲೇಬೇಕು. ಆ ಹತ್ತು ನಿಮಿಷವೂ ಅವಳು ಕೊಳವೆ ಬಿಡಲಿಲ್ಲ, ಮೋಟಾರು ಮುಟ್ಟಲಿಲ್ಲ.

“ಏನಕ್ಕಾ, ಅರ್ಧ ಚೀಲಾನೂ ತುಂಬಿರ್ಲಿಲ್ಲ,” ಎನ್ನುತ್ತ ರುಪೆರ್ತೊ ದೋಣಿ ಹತ್ತಿದ. ಲಂಗರಿನ ಹಗ್ಗ ಮುಟ್ಟಿದ್ದೆಯಾ ಎಂದು ಕೇಳಿದಳು. ಅವಳ ಮುಖ ನೋಡಿ ಅವನು ಯಾರ ದನಿಯನ್ನೂ ಎರವಲು ತರಲಿಲ್ಲ.

“ನಾನು ಆ ಕಡೆ ಹೋಗೇ ಇಲ್ಲ.”

ಹಗ್ಗ ಆಡಿದ್ದನ್ನು ಅವನಿಗೆ ಹೇಳುತ್ತಲೇ ಅವಳು ಮೋಟಾರು ಹಾಕಿದಳು. ಅವರು ನಡುಗಡಲು ಸೇರುವಷ್ಟರಲ್ಲಿ ನೀರು ಅಡಿಯಿಂದೊಮ್ಮೆ, ಮಲಗಿದ ಎಮ್ಮೆ ಮಗ್ಗುಲು ಬದಲಿಸಿದಂತೆ, ಉಬ್ಬಿ ದಾಟಿಹೋಯಿತು. ಅಷ್ಟೇ. ಸಂಜೆಗೆ ಊರಿಗೆ ಹಿಂದಿರುಗಿದಾಗ ಗುಡ್ಡವಿತ್ತು, ಗುಡ್ಡದ ಮೇಲೆ ಜನರಿದ್ದರು. ಕೆಳಗಿನ ಬೀದಿ ಇರಲಿಲ್ಲ. ಆ ಜಾಗದಲ್ಲಿ ನೀರು, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ, ಕದಲದೆ ನಿಂತಿತ್ತು.

ದಡದವರು ದೋಣಿ ಕಟ್ಟಿಕೊಳ್ಳಿರೆಂದು ಹಗ್ಗ ಎಸೆದರು. ಅದು ದೋಣಿಯ ಪಕ್ಕದಲ್ಲೇ ಬಿದ್ದು ತೇಲಿತು. ಅಕ್ಕ ತಮ್ಮ ಇಬ್ಬರೂ ಅದನ್ನೇ ನೋಡುತ್ತ ಕೂತರು. ಹಿಡಿಯಲು ಯಾರೂ ಕೈ ಚಾಚಲಿಲ್ಲ.