ಕಾವಲು ಕಣ

ಅವರೆಕಾಯಿ ಚೀಲವನ್ನು ಮೇಜಿನ ಕಾಲಿಗೆ ಒರಗಿಸಿಟ್ಟು ಪುಟ್ಟಮಾದಯ್ಯ ಕೈಮುಗಿದ. ಡಾಕ್ಟರ್ ಸುಧಾಮಣಿ ಚೀಲವನ್ನೂ ನೋಡಲಿಲ್ಲ, ಮುಗಿದ ಕೈಯನ್ನೂ ನೋಡಲಿಲ್ಲ. ಅವನ ಹಿಂದಿನ ಬಾಗಿಲನ್ನೇ ನೋಡುತ್ತಾ ಯಶೋದಮ್ಮ ಎಲ್ಲಿ ಎಂದು ಕೇಳಿದರು. ಅವಳು ಮನೆಯಲ್ಲೇ ಆರಾಮಾಗಿದ್ದಾಳೆ, ಕರೆಂಟ್ ಇಡಿಸುವುದು ಬೇಡ ಅಂತ ಬಿಟ್ಟೆವು, ನಿಮ್ಮ ಕೈಗುಣ ದೊಡ್ಡದು ಎಂದು ಅವನು ಹಲ್ಲು ಬಿಟ್ಟ.

ಹೆಂಡತಿಯ ಎಡಗೆನ್ನೆಯ ಒಳಗಿದ್ದ ಕ್ಯಾನ್ಸರ್ ಗಡ್ಡೆಯನ್ನು ತೆಗೆಸಿ ತಿಂಗಳ ಮೇಲಾಗಿತ್ತು. ಎಲೆ ಅಡಿಕೆಯ ಜೊತೆ ಅವಳು ಹೊಗೆಸೊಪ್ಪು ಒತ್ತರಿಸಿಕೊಳ್ಳುತ್ತಿದ್ದ ಜಾಗವದು. ಗಾಯ ಮಾಯುತ್ತಿದ್ದಂತೆ ಮೈಸೂರಿಗೆ ಹೋಗಿ ರೇಡಿಯೇಷನ್ ಶುರು ಮಾಡಿಸಲೇಬೇಕು ಎಂದು ಚಾಮರಾಜನಗರದ ಈ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅದನ್ನು ಇವರ ಊರು, ಗುಂಡ್ಲುಪೇಟೆಯಾಚೆಯ ಮದ್ದೂರಿನ ಕಡೆಯವರು ಕರೆಂಟ್ ಇಡಿಸುವುದು ಎನ್ನುತ್ತಾರೆ. ಆ ಹೆಸರು ಕೇಳಿಯೇ ಅರ್ಧ ಜನ ವಾಪಸ್ ಊರು ಸೇರಿಕೊಳ್ಳುತ್ತಾರೆ. ಯಶೋದಮ್ಮನಿಗೂ ಅದೇ ಭಯವಿತ್ತು.

"ಬೇಡ ಅಂತ ಯಾರು ಹೇಳಿದ್ದು?" ಎಂದರು ಡಾಕ್ಟರು.

"ನೀವೇ ಕಣವ್ವ. ಕಾವಲು ಕಣ ಬೇಜಾನ್ ಅವೆ ಅಂದ್ರಲ್ಲ."

ಸುಧಾಮಣಿಯವರ ಮುಖ ಬಿಳಿಚಿಕೊಂಡಿತು. ತೆಗೆದ ಗಡ್ಡೆಗಳಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳು ಎಷ್ಟಿವೆ ಎಂದು ನೋಡುವ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಯಶೋದಮ್ಮನ ಗಡ್ಡೆಯ ಚೂರೂ ಅದಕ್ಕೆ ಹೋಗಿತ್ತು. ಏನು ಬಂತು, ಏನು ಬಂತು ಎಂದು ಇವನು ಬೆನ್ನು ಬಿದ್ದಿದ್ದ. ರೆಗ್ಯುಲೇಟರಿ ಟಿ-ಸೆಲ್ ಎಂದರೆ ಇವನಿಗೇನು ತಿಳಿದೀತು, ಪುಸ್ತಕದ 'ನಿಯಂತ್ರಕ ಕಣ'ವೂ ಬಾಯಿಗೆ ಭಾರ ಎಂದುಕೊಂಡ ಡಾಕ್ಟರು, ಹೊರಗೆ ಜನ ಕಾಯುತ್ತಿದ್ದ ಅವಸರದಲ್ಲಿ ಕಾವಲು ಕಣಗಳು ಜಾಸ್ತಿ ಇವೆ ಅಂದುಬಿಟ್ಟಿದ್ದರು.

ಪುಟ್ಟಮಾದಯ್ಯನಿಗೆ ಗೊತ್ತಿದ್ದ ಕಣ ಒಂದೇ, ರಾಗಿ ಒಕ್ಕುವ ಕಣ. ಕಾಡಂಚಿನ ಊರಿನಲ್ಲಿ ಆನೆ, ಹಂದಿ ಬಾರದಂತೆ ರಾಶಿಯ ಪಕ್ಕದಲ್ಲೇ ಮಲಗಿ ಕಾದವನು ಅವನು. ಕಣಕ್ಕೆ ಕಾವಲು ಗಟ್ಟಿಯಿದ್ದರೆ ಕಾಳು ಮನೆ ಸೇರಿತೆಂದೇ ಲೆಕ್ಕ. ಹೆಂಡತಿಗೆ ಅದನ್ನೇ ಹೇಳಿದ್ದ. ಆವತ್ತು ಅವಳು ಖುಷಿಗೆ ಅತ್ತುಬಿಟ್ಟಿದ್ದಳು. ಅಲ್ಲಿಂದೀಚೆಗೆ ದಿನಾ ಮಲಗುವ ಮುಂಚೆ ಹೊಲಿಗೆ ಬಿದ್ದ ಕೆನ್ನೆಯನ್ನು ಸವರಿಕೊಂಡು, ಎಚ್ಚರವಾಗಿರ್ರಪ್ಪಾ ಎಂದು ಒಳಗಿನವರಿಗೆ ಹೇಳುತ್ತಿದ್ದಳು.

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಬಿಡಿಸಿ ಹೇಳಿದರು. ರೋಗದ ಮೇಲೆ ಬೀಳುವ ಕಣಗಳೇ ಬೇರೆ. ಅವು ಅತಿ ಮಾಡದಂತೆ ಗದರಿ ಕೂರಿಸುವುದು ಈ ಕಾವಲು ಕಣಗಳ ಕೆಲಸ. ಒಳ್ಳೆಯ ಮೈಗೆ ಅದು ಬೇಕು. ಆದರೆ ಗಡ್ಡೆಯೊಳಗೆ ಇವು ತುಂಬಿಕೊಂಡರೆ, ಗಡ್ಡೆಯ ಮೇಲೆ ಯಾರೂ ಕೈಮಾಡದ ಹಾಗಾಗಬಹುದು.

"ಅಂದ್ರೆ ಕಳ್ಳಂಗೇ ಕಾವ್ಲಾ?"

"ಹಾಗೂ ಆಗಬಹುದು. ಇವು ಜಾಸ್ತಿ ಇದ್ದೂ ಚೆನ್ನಾಗಿರೋರು ಇದ್ದಾರೆ. ಯಾಕೆ ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಅವು ಎಷ್ಟೇ ಇರಲಿ, ಗಡ್ಡೆಯ ಬೇರು ಉಳಿದಿದ್ದರೆ ಸುಡೋಕೆ ರೇಡಿಯೇಷನ್ ಮಾತ್ರ ಬೇಕೇ ಬೇಕು. ಈಗಲೇ ತಡ ಆಗಿದೆ. ನಾಳೆಯೇ ಕರ್ಕೊಂಡು ಬನ್ನಿ."

ಆ ಚೆನ್ನಾಗಿರುವವರಲ್ಲಿ ಯಶೋದೆಯೂ ಒಬ್ಬಳಾಗಬಹುದಲ್ಲವಾ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದರು ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೇಳಿದ. ಅವರು ಮೈಸೂರಿಗೆ ಚೀಟಿ ಬರೆಯತೊಡಗಿದರು.

ಬಸ್ಸು ತೆರಕಣಾಂಬಿ ದಾಟಿದರೂ ಅವನಿಗೆ ದಾರಿ ಹೊಳೆಯಲಿಲ್ಲ. ನಿಜ ಹೇಳಿದರೆ, ಇಷ್ಟು ದಿನ ತಾನು ಸವರಿದ್ದು ಯಾರನ್ನು ಎಂದು ಅವಳು ಕುಸಿದುಹೋಗುತ್ತಾಳೆ, ಆಮೇಲೆ ಯಾವ ಆಸ್ಪತ್ರೆಗೂ ಹೊರಡುವವಳಲ್ಲ. ಸುಮ್ಮನಿದ್ದರೆ ಕರೆಂಟಿನ ಹತ್ತಿರ ಸುಳಿಯುವುದಿಲ್ಲ. ತನ್ನ ದಡ್ಡತನ ಅವಳ ಜೀವಕ್ಕೇ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಸ್ಟ್ಯಾಂಡಿನ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕೇರಳದ ಬಸ್ಸಿಗೆ ಕಾಯುತ್ತಿದ್ದವರು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಯಶೋದಮ್ಮ ಜಗಲಿಯ ಮೇಲೆ ಕೂತು ಚಮಚದಲ್ಲಿ ಅಂಬಲಿ ಕುಡಿಯುತ್ತಿದ್ದಳು. ಒಂದು ಬೆರಳಿನಷ್ಟು ಮಾತ್ರ ತೆರೆಯುವ ಬಾಯಿಯಿಂದ ಮಾತು ತೊದಲಿಕೊಂಡೇ ಬರುತ್ತಿತ್ತು.

"ಏನಂದ್ರು? ನಮ್ ಕಾವಲ್ನೋರು ಎಂಗವ್ರಂತೆ?"

"ಅವ್ರೆ ಕಣಮ್ಮಿ. ಎಲ್ರೂ ಅವ್ರೆ." ಪುಟ್ಟಮಾದಯ್ಯ ಚಪ್ಪಲಿ ಬಿಡುತ್ತಾ ನೆಲ ನೋಡಿಕೊಂಡೇ ಹೇಳಿದ. "ಆದ್ರೆ ಒಳ್ಗೆ ಕತ್ಲಂತೆ. ಕಳ್ಳ ಯಾರು, ನಮ್ಮೋರು ಯಾರು ಅಂತ ಅವ್ರಿಗೆ ಕಾಣಕಿಲ್ವಂತೆ. ಅದ್ಕೇ ಕರೆಂಟ್ ಇಡ್ಸ್ಬೇಕಂತೆ. ನಾಳೀಕೇ ಓಗನ."

ಅವಳು ಬಟ್ಟಲನ್ನು ಕೆಳಗಿಟ್ಟಳು. ಕೆನ್ನೆಯ ಹೊಲಿಗೆಯನ್ನು ಸವರಿಕೊಂಡಳು. ಸುಳ್ಳು ಸಿಕ್ಕಿಬಿತ್ತು ಎಂದುಕೊಂಡ ಅವನು.

"ಪಾಪ, ಇಷ್ಟ್ ದಿನ ಕತ್ಲಲ್ಲೇ ಕೂರ್ಸ್ಬುಟ್ಟಿದ್ನಲ್ಲ ಅವ್ರ್ನ," ಎಂದಳು.

ಆಮೇಲೆ ಗೋಡೆ ಹಿಡಿದು ಎದ್ದು ಜಗಲಿಯ ಅಂಚಿಗೆ ಹೋದಳು. ಇಳಿಬಿಸಿಲಿಗೆ ಮುಖ ಕೊಟ್ಟು, ತುಟಿಯ ಅಂಚನ್ನು ಬೆರಳಿನಿಂದ ಎಳೆದು ಹಿಡಿದು, ನೋವಿಗೆ ಕಣ್ಣು ಮುಚ್ಚಿಕೊಂಡು, ಆದಷ್ಟೂ ಬಾಯಿ ತೆರೆದು ನಿಂತಳು.